ಪಂಪಾದೇವಿಯ ಎರಡು ತವರು

ಹಂಪೆಯ ವಿರೂಪಾಕ್ಷನಿಗೂ ಪಂಪಾದೇವಿಗೂ ಮಾರ್ಗಶಿರದ ಚಳಿಯಲ್ಲಿ ಫಲಪೂಜೆಯೆಂಬ ನಿಶ್ಚಿತಾರ್ಥವಾಗುತ್ತದೆ. ಕಲ್ಯಾಣಕ್ಕೆ ಮಾತ್ರ ಚೈತ್ರದವರೆಗೆ ಕಾಯಬೇಕು. ಅಷ್ಟರಲ್ಲಿ ಹೇಮಕೂಟದ ಬಂಡೆ ಬರಿಗಾಲಿಡಲಾಗದಂತೆ ಕಾದಿರುತ್ತದೆ. ಈ ಬೇಸಗೆಯ ಮದುವೆಗೆ ಬರುವ ನಮ್ಮಲ್ಲಿ ಹೆಚ್ಚಿನವರು ವಧೂವರರನ್ನು ಹೊಸಬರೆಂದೇ ಭಾವಿಸಿ ಅಕ್ಷತೆ ಹಾಕುತ್ತೇವೆ. ಸ್ಥಳಪುರಾಣ ಪಂಪೆಯನ್ನು ಬ್ರಹ್ಮನ ಮಗಳೆಂದರೂ ಭಕ್ತರ ಮನಸ್ಸಿನಲ್ಲಿ ಆಕೆ ಪಾರ್ವತಿಯೇ. ಪಾರ್ವತಿಯಾದರೋ ಹಿಂದಿನ ಜನ್ಮದಲ್ಲಿ ಇದೇ ಶಿವನನ್ನು ವರಿಸಿ, ತಂದೆಯ ಮನೆಯಲ್ಲಿ ಪ್ರಾಣ ಬಿಟ್ಟ ದಾಕ್ಷಾಯಣಿ. ಅಗಲಿದವರು ಮತ್ತೆ ಕೈಹಿಡಿಯುವ ಮದುವೆಯಿದು.

ದಕ್ಷಯಜ್ಞವೆಂದರೆ ವೀರಭದ್ರನ ಆರ್ಭಟವೇ ನಮಗೆ ಮೊದಲು ನೆನಪಾಗುತ್ತದೆ, ಆದರೆ ಅದಕ್ಕೂ ಮುಂಚೆ ನಡೆದದ್ದು ತೀರ ಮನೆಯೊಳಗಿನ ಸಂಗತಿ. ಅಳಿಯನನ್ನು ಸಹಿಸದ ತಂದೆ ಕರೆಯದಿದ್ದರೂ, ತವರಿಗೆ ಹೋಗಲು ಕರೆಯೇಕೆಂದು ಮಗಳು ಹೊರಡುತ್ತಾಳೆ. ದಕ್ಷನ ಭಯದಿಂದ ಸಭೆಯವರೆಲ್ಲ ಸುಮ್ಮನಿದ್ದಾಗ ಅವಳನ್ನು ಅಪ್ಪಿಕೊಂಡವರು ತಾಯಿ ಮತ್ತು ಅಕ್ಕತಂಗಿಯರು ಮಾತ್ರ ಎಂದು ಭಾಗವತ ಹೇಳುತ್ತದೆ. ಆ ತಾಯಿ ಪ್ರಸೂತಿ ಗಂಡನೆದುರು ಒಂದೇ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮತ್ತೆ ಹುಟ್ಟಿ ಬಂದ ಮಾತ್ರಕ್ಕೆ ಅವರಿಬ್ಬರೂ ಕೂಡಲಿಲ್ಲ. ಶಿವ ಕಣ್ಮುಚ್ಚಿ ತಪಸ್ಸಿಗೆ ಕುಳಿತಿದ್ದ. ಅವನನ್ನು ಕದಲಿಸಲು ಬಾಣ ಹೂಡಿದ ಮನ್ಮಥ ಬೂದಿಯಾದದ್ದು ಹೇಮಕೂಟದಲ್ಲೇ ಎಂಬುದು ಇಲ್ಲಿಯವರ ನಂಬಿಕೆ, ಗುಡಿಯ ಪಕ್ಕದ ಮನ್ಮಥ ಹೊಂಡ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ರಂಗಮಂಟಪದ ಚಾವಣಿಯಲ್ಲಿ ಶಿವನತ್ತ ಗುರಿಯಿಟ್ಟ ಮನ್ಮಥನ ಚಿತ್ರವೂ ಗಿರಿಜಾ ಕಲ್ಯಾಣದ ಚಿತ್ರವೂ ಇವೆ. ಮನ್ಮಥನಿಂದಾಗದ ಕೆಲಸ, ಉದುರಿದ ಎಲೆಯನ್ನೂ ತಿನ್ನದೆ ಗಿರಿಜೆ ನಡೆಸಿದ ತಪಸ್ಸಿನಿಂದ ಆಯಿತು. ಭಕ್ತರ ಕಥೆಗಳನ್ನು ರಗಳೆಗಳಲ್ಲಿ ಹಾಡಿದ ಹಂಪೆಯ ಹರಿಹರ ಚಂಪೂ ಕಾವ್ಯಕ್ಕೆ ಆರಿಸಿಕೊಂಡದ್ದು ಇದೇ ಕಲ್ಯಾಣವನ್ನು.

ಹದಿಹರೆಯದಲ್ಲಿ ಮನಸ್ಸು ಕೊಟ್ಟು, ಮನೆಯವರ ಕೋಪಕ್ಕೆ ಬೇರೆಯಾಗಿ, ವರ್ಷಗಳ ಮೇಲೆ ಒಂದು ಬೇಸಗೆ ರಜೆಯಲ್ಲಿ ಊರ ತೇರಿನ ದಿನ ಮತ್ತೆ ಎದುರಾದ ಜೋಡಿಯೊಂದು ನಮ್ಮ ಬಂಧುಗಳಲ್ಲೇ ಇದೆ. ಇಬ್ಬರಿಗೂ ಬೇರೆ ಕಡೆ ಮದುವೆಯಾಗಿರಲಿಲ್ಲ. ಬೇಡವೆಂದಿದ್ದ ಹುಡುಗಿಯ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು, ಮತ್ತು ಬದುಕಿದ್ದವರನ್ನು ಒಪ್ಪಿಸುವುದಕ್ಕಿಂತ ಸತ್ತವರ ಮಾತನ್ನು ಮೀರುವುದು ಆಕೆಗೆ ಕಷ್ಟವಾಯಿತು. ಊರು ಬಿಟ್ಟು ಹೋಗಿ ರಿಜಿಸ್ಟರ್ ಮದುವೆಯಾಗಿರೆಂದು ಗೆಳೆಯರು ಹೇಳಿದರೂ ಅವರು ಕಾದರು. ತಾಯಿ ಮಾತ್ರ ಯಾರಿಗೂ ಹೇಳದೆ, ಮಗಳ ಮನಸ್ಸು ನೆಲೆಗೊಂಡರೆ ಪಂಪಾದೇವಿಗೆ ಉಡಿ ತುಂಬುವೆನೆಂದು ಹರಕೆ ಹೊತ್ತರು.

ಶಿವ ದಕ್ಷನನ್ನು ಕೊಂದು ಕೈಬಿಡಲಿಲ್ಲವೆಂಬುದು ಇಲ್ಲಿ ನೆನೆಯಬೇಕಾದ ಮಾತು. ಆಡಿನ ತಲೆಯಿಟ್ಟು ಅವನನ್ನು ಬದುಕಿಸಿ, ನಿಂತ ಯಜ್ಞ ಪೂರ್ತಿಯಾಗುವಂತೆ ಮಾಡಿದ. ಎರಡನೆಯ ಸಲ ಗಿರಿಜೆ ತಾನೇ ಒಲಿದಿದ್ದರೂ ತಂದೆಯನ್ನು ಕೇಳಿ ಎಂದಳು. ಶಿವ ಸಪ್ತರ್ಷಿಗಳನ್ನು ಹೆಣ್ಣು ಕೇಳಲು ಕಳಿಸಿದ. ಹೆತ್ತವರ ಮಾತೇ ಕೊನೆಯದೆಂದು ಇದಕ್ಕೆ ಅರ್ಥ ಹಚ್ಚುವವರುಂಟು. ಹಾಗಾದರೆ ದಕ್ಷನೇ ಸರಿಯೆನ್ನಬೇಕಾದೀತು. ಹಿಮವಂತ ಉತ್ತರ ಕೊಡುವ ಮೊದಲು ಹೆಂಡತಿ ಮೇನೆಯ ಮುಖ ನೋಡಿದ ಎನ್ನುತ್ತಾನೆ ಕಾಳಿದಾಸ. ಮೊದಲ ತವರಿನಲ್ಲಿ ಯಾರೂ ಕೇಳದಿದ್ದ ತಾಯಿಯ ಮನಸ್ಸನ್ನು ಎರಡನೆಯ ತವರಿನಲ್ಲಿ ಕೇಳಿದರು.

ನಮ್ಮ ಹುಡುಗಿಯೂ ಕೊನೆಗೆ, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೆಂಬ ಪ್ರಶ್ನೆಯನ್ನು ಬದಿಗಿಟ್ಟು, ನೀನೇನನ್ನುತ್ತೀಯೆಂದು ತಾಯಿಯನ್ನೇ ಕೇಳಿದಳು. ಅವರು ಬೇಗ ಉತ್ತರ ಕೊಡಲಿಲ್ಲ. ಕೊಟ್ಟಾಗ ಹರಕೆಯ ವಿಷಯವನ್ನೂ ಹೇಳಿದರು. ಈ ಚೈತ್ರದಲ್ಲಿ ಸೀರೆ, ಖಣ, ಉಡಿಯಕ್ಕಿ ಕಟ್ಟಿಕೊಂಡು ಮಗಳು ಅಳಿಯನೊಂದಿಗೆ ಅವರು ಹಂಪೆಗೆ ಹೊರಡುತ್ತಿದ್ದಾರೆ, ನನ್ನನ್ನೂ ಕರೆದಿದ್ದಾರೆ.