ಬಂದರಿನ ಹಳೇ ಗೋದಾಮು: ಸಿಮೆಂಟು ಹೋಯ್ತು, ಗಾರೆ ಬಂತು

ದುರಸ್ತಿ ಕೆಲಸ ಶುರುವಾಗಿ ಐದು ತಿಂಗಳಾಯ್ತು. ಕಡಲಿಗೆ ಮುಖ ಮಾಡಿದ ಗೋಡೆ ಈಗ ಅರ್ಧ ಮುಗಿದಿದೆ. ನಾವು ಏಳು ಜನ, ಎಲ್ಲರೂ ರಜಾ ದಿನಗಳಲ್ಲಿ ಬಂದು ಕೈಜೋಡಿಸುವವರು.

ಮೊದಲ ಎರಡು ತಿಂಗಳು ಬರೀ ಕಿತ್ತಿದ್ದೇ ಆಯ್ತು. ಹಿಂದೆ ಯಾರೋ ಒಳ್ಳೇ ಮನಸ್ಸಿನಿಂದಲೇ ಇಡೀ ಗೋಡೆಗೆ ಸಿಮೆಂಟ್ ಬಳಿದಿದ್ದರು. ನೋಡೋಕೆ ಗಟ್ಟಿಮುಟ್ಟು. ಆದರೆ ಒಳಗಿರುವುದು ಮೆದು ಇಟ್ಟಿಗೆ, ಸುಣ್ಣದ ಗಾರೆ. ಒಳಗೆ ಸೇರಿದ ತೇವಕ್ಕೆ ಸಿಮೆಂಟ್ ದಾಟಿ ಹೊರಬರಲು ಆಗುವುದಿಲ್ಲ. ಒಂದು ಕಡೆ ಸಿಮೆಂಟಿನ ಚಕ್ಕೆ ಎದ್ದಾಗ ಅದರ ಬೆನ್ನಿಗೆ ಇಟ್ಟಿಗೆಯ ಮುಖವೇ ಅಂಟಿಕೊಂಡು ಬಂತು. ಉಳಿದದ್ದನ್ನು ಬೆರಳಲ್ಲಿ ಒತ್ತಿದೆ, ಕೆಂಪು ಹಿಟ್ಟಾಗಿ ಉದುರಿತು. ತುಂಬ ಸಂಕಟವಾಯಿತು. ಅವತ್ತಿನಿಂದ ಯಂತ್ರ ಬಿಟ್ಟು ಉಳಿ, ಸುತ್ತಿಗೆ ಹಿಡಿದೆವು.

ಆಮೇಲೆ ಉಪ್ಪಿನ ಸರದಿ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಗೋಡೆಯೊಳಗಿನ ಉಪ್ಪು ಕರಗುತ್ತದೆ. ಇಳಿದರೆ ಮತ್ತೆ ಹರಳುಗಟ್ಟುತ್ತದೆ. ಬೆಳೆಯುವ ಹರಳು ಇಟ್ಟಿಗೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಕಾಗದ ನೆನೆಸಿ ಮುದ್ದೆ ಮಾಡಿ ಗೋಡೆಗೆ ಮೆತ್ತಿದೆವು. ಒಣಗುತ್ತಾ ಅದು ಉಪ್ಪನ್ನು ಎಳೆದುಕೊಂಡಿತು. ಮೂರು ಸಲ ಮೆತ್ತಿದರೂ ಪೂರ್ತಿ ಹೋಗಿಲ್ಲ. ಅದು ಪೂರ್ತಿ ಹೋಗುವುದೂ ಇಲ್ಲ.

ಸುಣ್ಣವನ್ನು ಮೊದಲ ವಾರವೇ ಅರಳಿಸಿ, ಸೋಸಿ, ಮೇಲೆ ನೀರು ನಿಲ್ಲಿಸಿ ಇಟ್ಟಿದ್ದೆವು. ಮೂರು ತಿಂಗಳಿಗೆ ಬೆಣ್ಣೆಯ ಹಾಗೆ ಕರಣೆಗೆ ಅಂಟುವಂತಾಯಿತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಕಡಲ ಮರಳು ಬೇಡವೇ ಬೇಡ, ಕಿತ್ತ ಉಪ್ಪನ್ನೇ ಮತ್ತೆ ತುಂಬಿದ ಹಾಗಾಗುತ್ತದೆ ಅಲ್ವಾ?

ಅಲೆಯ ತುಂತುರು ಬೀಳುವ ಬುಡದ ಮೂರು ಅಡಿಗೆ ಮಾತ್ರ ಬೇರೆ ಸುಣ್ಣ. ಇಂಗ್ಲೆಂಡಿನ ಎಡಿಸ್ಟೋನ್ ದೀಪಸ್ತಂಭ ಕಟ್ಟುವ ಮುಂಚೆ, 1756ರಲ್ಲಿ, ಎಂಜಿನಿಯರ್ ಜಾನ್ ಸ್ಮೀಟನ್ ಪ್ರಯೋಗ ಮಾಡಿ ನೋಡಿದ್ದರು. ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟರೆ ಸಿಗುವ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ ಎಂದು ಗೊತ್ತಾಯಿತು. ನಾವು ಬುಡಕ್ಕೆ ಹಾಕಿದ್ದು ಅಂಥದ್ದೇ. ಆ ದೀಪಸ್ತಂಭದ ಕೆಳಗಿನ ಬಂಡೆ ಸವೆದಾಗ ಜನ ಅದರ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪ್ಲಿಮತ್ ಊರಿನಲ್ಲಿ ಮತ್ತೆ ಕಟ್ಟಿದರು. ಇವತ್ತಿಗೂ ನಿಂತಿದೆ. ಸುಸ್ತಾದ ದಿನ ನನಗೆ ಅದೇ ನೆನಪಾಗುತ್ತದೆ.

ಹೋದ ತಿಂಗಳು ಒಂದು ತಪ್ಪಾಯಿತು. ಬೇಗ ಮುಗಿಸುವ ಆಸೆಗೆ ಗಾರೆಯನ್ನು ದಪ್ಪಗೆ ಬಳಿದುಬಿಟ್ಟೆ. ರಾತ್ರಿಯಿಡೀ ಗಾಳಿ. ಬೆಳಿಗ್ಗೆ ನೋಡಿದರೆ ಕೆರೆ ಬತ್ತಿದ ಹಾಗೆ ಬಿರುಕು. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡೇ ಗಟ್ಟಿಯಾಗಬೇಕು, ಅದಕ್ಕೆ ಸ್ವಲ್ಪ ತೇವವೂ ಬೇಕು. ಎಲ್ಲ ಕೆರೆದು ತೆಗೆದೆವು. ಈಗ 10 ಮಿಲಿಮೀಟರಿಗಿಂತ ಜಾಸ್ತಿ ಬಳಿಯುವುದಿಲ್ಲ. ಮೇಲೆ ಒದ್ದೆ ಗೋಣಿ ಇಳಿಬಿಟ್ಟು, ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತೇವೆ.

ಇವತ್ತು ಗೋಣಿ ಸರಿಸಿ ನೋಡಿದೆ. ಉಗುರು ಒತ್ತಿದರೆ ಸಣ್ಣ ಗುರುತು ಬೀಳುತ್ತದೆ, ಬಿರುಕು ಒಂದೂ ಇಲ್ಲ. ಇನ್ನೊಂದು ವಾರ ಬಿಟ್ಟು ಎರಡನೇ ಪದರ.