ಉಂಡ ಮನೆಯ ಜಂತೆ ಎಣಿಸೋ ಕಾಮಿಕ್ಸು

ನಾಲ್ಕು ವರ್ಷ ಒಂದು ಕನ್ನಡ ಪೇಪರಿನ ಡೆಸ್ಕಲ್ಲಿ ಸಬ್ ಎಡಿಟರ್ ಆಗಿದ್ದೆ, ಅದರಲ್ಲಿ ಮೂರು ವರ್ಷ ಬರೀ ನೈಟ್ ಶಿಫ್ಟು. ಆಗ ನನ್ನ ಸಿಸ್ಟಮ್ ಪಕ್ಕದ ಗೋಡೆ ಮೇಲೆ ಒಂದು ಕಾಮಿಕ್ ಪ್ರಿಂಟ್ ಔಟ್ ತೆಗೆದು ಅಂಟಿಸಿದ್ದೆ, ಕೆಲಸ ಬಿಟ್ಟು ಬರೋವಾಗ ಅದನ್ನೂ ಕಿತ್ಕೊಂಡು ಬಂದೆ, ಈಗ ಮನೇಲಿ ಬೀರು ಬಾಗಿಲ ಒಳಗಡೆ ಇದೆ. ಹೋರ್ಹೆ ಚಾಮ್ ಅನ್ನೋರು ಸ್ಟ್ಯಾನ್‌ಫರ್ಡಲ್ಲಿ ಓದ್ತಾ ಇದ್ದಾಗ 1997ರಲ್ಲಿ ಶುರು ಮಾಡಿದ ಪಿಎಚ್‌ಡಿ ಕಾಮಿಕ್ಸ್ ಅಂತ ಇದೆಯಲ್ಲ, ಅದರಲ್ಲಿ 2009ರಲ್ಲಿ ಬಂದ ಸೈನ್ಸ್ ನ್ಯೂಸ್ ಸೈಕಲ್ ಅನ್ನೋ ಕಾಮಿಕ್ ಅದು.

ಅದರಲ್ಲಿ ಇರೋದು ಇಷ್ಟೇ. ಒಬ್ಬ ಸಂಶೋಧಕ ಒಂದು ತೀರ್ಮಾನಕ್ಕೆ ಬರ್ತಾನೆ, ಸಿ ಇದ್ದಾಗ, ಡಿ ಅಂತ ಅಂದ್ಕೊಂಡಾಗ, ಇ ಅನ್ನೋ ಪರಿಸ್ಥಿತಿಯಲ್ಲಿ, ಎ-ಗೂ ಬಿ-ಗೂ ಇಷ್ಟು ಸಂಬಂಧ ಕಾಣುತ್ತೆ ಅಂತ. ಅದು ಯೂನಿವರ್ಸಿಟಿ ಪಿಆರ್ ಆಫೀಸಿಗೆ ಹೋಗುತ್ತೆ, ಅಲ್ಲಿ ಅರ್ಧ ಷರತ್ತು ಉದುರಿ ಹೋಗುತ್ತೆ, ಅಲ್ಲಿಂದ ನ್ಯೂಸ್ ಏಜೆನ್ಸಿಗೆ ಬರೋ ಹೊತ್ತಿಗೆ ಎ-ಯಿಂದಲೇ ಬಿ ಆಗುತ್ತೆ ಅಂತಾರೆ ವಿಜ್ಞಾನಿಗಳು ಅಂತ ಆಗಿರುತ್ತೆ, ಆಮೇಲೆ ಇಂಟರ್ನೆಟ್ಟು, ಆಮೇಲೆ ಟಿವಿಯ ಬ್ರೇಕಿಂಗ್ ನ್ಯೂಸು, ಆಮೇಲೆ ಎ ನಿಮ್ಮನ್ನ ಕೊಲ್ಲಬಹುದು ಅಂತ ಹೆದರಿಸೋ ಲೋಕಲ್ ಚಾನೆಲ್ಲು, ಕೊನೆಗೆ ನಿಮ್ಮ ಅಜ್ಜಿ, ಎ ಹತ್ರ ಬರದ ಹಾಗೆ ಏನೋ ಒಂದನ್ನ ಹಾಕ್ಕೊಂಡು ನಿಂತಿರ್ತಾಳೆ. ಅಲ್ಲಿಂದ ತಿರುಗಿ ಸಂಶೋಧಕನ ಹತ್ರಕ್ಕೇ ಬಾಣದ ಗುರುತು.

ಇದು ನನಗೆ ಯಾಕೆ ಇಷ್ಟು ತಟ್ಟಿತು ಅಂದ್ರೆ ಆ ಚೌಕಗಳಲ್ಲಿ ಒಂದರಲ್ಲಿ ನಾನೇ ಕೂತಿದ್ದೆ. ಒಂದು ರಾತ್ರಿ ಡಾಕ್ ಎಡಿಷನ್, ಅಂದ್ರೆ ದೂರದ ಊರುಗಳಿಗೆ ಮೊದಲು ಹೋಗೋ ಪೇಪರು, ಅದರ ಪೇಜ್ ಬಿಡೋಕೆ ಹತ್ತು ನಿಮಿಷ ಇದೆ, ಕೊನೇ ಕಾಲಮ್ಮಲ್ಲಿ ಜಾಹೀರಾತು ಬಿದ್ದು ಹೋಗಿ ಒಂದು ಗೇಣು ಜಾಗ ಖಾಲಿ, ಫಿಲ್ಲರ್ ಬೇಕು. ಏಜೆನ್ಸಿ ಕಾಪಿಯಲ್ಲಿ ಕಾಫಿಗೂ ಮರೆವಿಗೂ ಏನೋ ಸಂಬಂಧ ಇರಬಹುದು, ಇನ್ನೂ ಪರೀಕ್ಷೆ ಮಾಡಬೇಕು ಅಂತ ಇತ್ತು. ನಾನು ಅದನ್ನ ನಾಲ್ಕು ಪ್ಯಾರಾ ಅನುವಾದ ಮಾಡ್ದೆ, ಜಾಗ ಸಾಲದೆ ಕೊನೇ ಎರಡು ಪ್ಯಾರಾ ಕಟ್ ಮಾಡ್ದೆ, ‘ಇರಬಹುದು’ ಇದ್ದಿದ್ದೆಲ್ಲ ಆ ಎರಡು ಪ್ಯಾರಾದಲ್ಲೇ, ಹೆಡ್ಡಿಂಗು ಎರಡು ಸಾಲಲ್ಲಿ ಕೂರಬೇಕಿತ್ತು ಅಂತ ‘ಕಾಫಿ ಕುಡಿದರೆ ಮರೆವು ದೂರ’ ಅಂತ ಹಾಕ್ದೆ. ಯಾರನ್ನೂ ಮೋಸ ಮಾಡಬೇಕು ಅಂತ ಅಲ್ಲ, ಪೇಜ್ ಹೋಗಬೇಕಿತ್ತು. ಮೂರು ವಾರ ಆದಮೇಲೆ ತಿಪಟೂರಿಂದ ದೊಡ್ಡಮ್ಮ ಫ್ಯಾಮಿಲಿ ಗ್ರೂಪಿಗೆ ಆ ಕಟಿಂಗ್ ಫೋಟೋ ಹಾಕಿದ್ರು, ಎಲ್ಲಿಂದಲೋ ಅವರಿಗೆ ಫಾರ್ವರ್ಡ್ ಆಗಿ ಬಂದಿದ್ದು, ಬಿಪಿಗೆ ಅಂತ ಡಾಕ್ಟ್ರು ಎರಡು ಲೋಟಕ್ಕೆ ಇಳಿಸಿದ್ದ ಕಾಫಿ ಆ ಹೊತ್ತಿಗೆ ನಾಲ್ಕಕ್ಕೆ ಏರಿತ್ತು.

ಅವತ್ತಿಂದ ಈ ತರದ ಕಾಮಿಕ್ಸ್ ಹುಡುಕಿ ಹುಡುಕಿ ಓದೋ ಅಭ್ಯಾಸ ಆಯ್ತು, ಅಂದ್ರೆ ರಾಜಕಾರಣಿಗಳನ್ನ ಗೇಲಿ ಮಾಡೋದಲ್ಲ, ಸುದ್ದಿಯನ್ನೇ, ಸುದ್ದಿ ಮಾಡೋರನ್ನೇ ಹಿಡಿದು ತೋರಿಸೋದು. ಓದ್ತಾ ಓದ್ತಾ ಒಂದು ವಿಷಯ ಮನಸ್ಸಲ್ಲಿ ಗಟ್ಟಿ ಆಯ್ತು. ಸುದ್ದಿ ಒಂದೇ ಏಟಿಗೆ ಸುಳ್ಳಾಗಲ್ಲ. ಒಬ್ಬೊಬ್ರ ಕೈಯಲ್ಲಿ ಒಂದೊಂದು ಪದ ಉದುರ್ತಾ ಹೋಗುತ್ತೆ, ಯಾರ ತಪ್ಪು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಅದನ್ನ ತೋರಿಸೋಕೆ ಒಂದು ಚೌಕದ ಕಾರ್ಟೂನ್ ಸಾಲಲ್ಲ, ಒಂದರ ಪಕ್ಕ ಒಂದು ಚೌಕ ಬೇಕು, ಸ್ಟ್ರಿಪ್ ಅಂದ್ರೆ ಅದೇ ತಾನೆ.

ರಾಂಡಾಲ್ ಮನ್ರೋ ಬರೆಯೋ ಎಕ್ಸ್‌ಕೆಸಿಡಿ ಅನ್ನೋ ವೆಬ್ ಕಾಮಿಕ್ ನೋಡಿ, ಕಡ್ಡಿ ಗೊಂಬೆ ಚಿತ್ರ ಅಷ್ಟೇ. 2011ರ ಒಂದು ಕಾಮಿಕ್ಕಲ್ಲಿ ಜೆಲ್ಲಿ ಬೀನ್ಸ್ ಮಿಠಾಯಿ ತಿಂದ್ರೆ ಮೊಡವೆ ಬರುತ್ತಾ ಅಂತ ಪರೀಕ್ಷೆ ಮಾಡ್ತಾರೆ, ಇಲ್ಲ ಅಂತ ಬರುತ್ತೆ. ಯಾವುದೋ ಒಂದು ಬಣ್ಣದ್ದು ತಿಂದ್ರೆ ಮಾತ್ರ ಬರುತ್ತಂತೆ ಅಂತ ಯಾರೋ ಅಂತಾರೆ, ಸರಿ ಅಂತ ಇಪ್ಪತ್ತು ಬಣ್ಣ ಒಂದೊಂದಾಗಿ ಪರೀಕ್ಷೆ, ಪರ್ಪಲ್ ಇಲ್ಲ, ಬ್ರೌನ್ ಇಲ್ಲ, ಪಿಂಕ್ ಇಲ್ಲ, ಒಂದೇ ತರದ ಚೌಕಗಳು ಸಾಲಾಗಿ ಬರ್ತಾ ಹೋಗುತ್ತೆ, ಹಸಿರಿಗೆ ಮಾತ್ರ ಹೌದು ಅಂತ ಬರುತ್ತೆ. ಕೊನೇ ಚೌಕ ಪೇಪರಿನ ಮುಖಪುಟ, ಹಸಿರು ಜೆಲ್ಲಿ ಬೀನ್ಸಿಗೂ ಮೊಡವೆಗೂ ನಂಟು, ಕಾಕತಾಳೀಯ ಆಗಿರೋ ಸಾಧ್ಯತೆ ಶೇ 5 ಮಾತ್ರ ಅಂತ. ಲೆಕ್ಕ ಸರಳ, ಆಕಸ್ಮಿಕವಾಗಿ ಹೌದು ಅಂತ ಬರೋ ಸಾಧ್ಯತೆ ಶೇ 5 ಇದ್ರೆ, ಇಪ್ಪತ್ತು ಸಲ ಮಾಡಿದಾಗ ಸರಾಸರಿ ಒಂದು ಸಲ ಹಂಗೆ ಬರುತ್ತೆ. ಪೇಪರಿಗೆ ಬಂದಿದ್ದು ಆ ಒಂದೇ, ಇಲ್ಲ ಅಂತ ಬಂದ ಹತ್ತೊಂಬತ್ತು ಎಲ್ಲೂ ಪ್ರಿಂಟ್ ಆಗಲಿಲ್ಲ. ಸ್ಟಾಟಿಸ್ಟಿಕ್ಸ್ ಪಾಠದಲ್ಲಿ ಒಂದು ಗಂಟೆ ಹೇಳಿದ್ರೂ ನನ್ನ ತಲೆಗೆ ಹೋಗದೇ ಇದ್ದಿದ್ದು ಇಲ್ಲಿ ಒಂದೇ ನಿಮಿಷಕ್ಕೆ ಹೋಯ್ತು, ಯಾಕಂದ್ರೆ ಆ ಹತ್ತೊಂಬತ್ತು ಚೌಕಗಳನ್ನ ನನ್ನ ಕಣ್ಣು ದಾಟಿ ಬಂದಿತ್ತು.

ಅದೇ ವರ್ಷ ಮನ್ರೋ ಬರೆದ ಇನ್ನೊಂದು, ಸೈಟೋಜೆನೆಸಿಸ್ ಅಂತ, ಅಂದ್ರೆ ಆಧಾರಗಳ ಹುಟ್ಟು, ಆ ಪದ ಆ ಅರ್ಥದಲ್ಲಿ ಅವರೇ ಕಟ್ಟಿದ್ದು. ಯಾರೋ ವಿಕಿಪೀಡಿಯಾದಲ್ಲಿ ಮನಸ್ಸಿಗೆ ಬಂದ ಸುಳ್ಳು ಸೇರಿಸ್ತಾರೆ, ಅವಸರದಲ್ಲಿರೋ ಪತ್ರಕರ್ತ ಅದನ್ನ ನೋಡ್ಕೊಂಡು ಲೇಖನ ಬರೀತಾನೆ, ಓದಿದವರಿಗೆ ಅನುಮಾನ ಬಂದು ವಿಕಿಪೀಡಿಯಾ ನೋಡಿದ್ರೆ ಅಲ್ಲಿ ಅದೇ ಲೇಖನವನ್ನ ಆಧಾರ ಅಂತ ಕೊಟ್ಟಿರ್ತಾರೆ, ಇನ್ನು ಬೇರೆಯವರೂ ಬರೀತಾರೆ, ಆಧಾರಗಳು ಬೆಳೀತಾನೇ ಹೋಗುತ್ತೆ. ಈಗ ವಿಕಿಪೀಡಿಯಾದವರೇ ಆ ಪದ ಇಟ್ಕೊಂಡು ನಿಜವಾಗಿ ಹೀಗೆ ಆಗಿರೋ ಪ್ರಕರಣಗಳ ಪಟ್ಟಿ ಇಟ್ಟಿದಾರೆ. ಗೇಲಿ ಮಾಡಿಸ್ಕೊಂಡವರೇ ಆ ಗೇಲಿಯನ್ನ ಕೆಲಸದ ಸಾಮಾನಾಗಿ ಬಳಸೋದು ಇದೆಯಲ್ಲ, ನನಗೆ ಅದರ ಮೇಲೆ ತುಂಬಾ ಗೌರವ.

ಆದ್ರೆ ಇವೆಲ್ಲ ವೆಬ್ಬಲ್ಲಿ, ಸ್ವಂತ ಸೈಟಲ್ಲಿ ಬಂದವು. ನನಗೆ ಇನ್ನೂ ದೊಡ್ಡ ಸಾಹಸ ಅನಿಸೋದು ಪೇಪರ್ ಒಳಗೇ ಇದ್ಕೊಂಡು, ಪೇಪರಿನ ದುಡ್ಡು ತಗೊಂಡು ಪೇಪರನ್ನೇ ಪ್ರಶ್ನೆ ಮಾಡಿದ್ದು. ಅಮೆರಿಕದ ಗ್ಯಾರಿ ಟ್ರೂಡೋ ಅವರ ಡೂನ್ಸ್‌ಬರಿ 1970ರ ಅಕ್ಟೋಬರ್ 26ರಿಂದ ಪೇಪರುಗಳಲ್ಲಿ ಬರೋಕೆ ಶುರು ಆಯ್ತು. ಅಧ್ಯಕ್ಷ ನಿಕ್ಸನ್ ಕಡೆಯವರು ವಿರೋಧ ಪಕ್ಷದ ಆಫೀಸಿಗೆ ಕನ್ನ ಹಾಕಿ ಸಿಕ್ಕಿಬಿದ್ದ ವಾಟರ್‌ಗೇಟ್ ಹಗರಣ ನಡೀತಿದ್ದಾಗ, 1973ರ ಮೇ ತಿಂಗಳಲ್ಲಿ, ಅದರ ಒಂದು ಪಾತ್ರ ಮಾರ್ಕ್ ಅನ್ನೋ ರೇಡಿಯೋ ಹುಡುಗ ನಿಕ್ಸನ್ ಅವರ ಅಟಾರ್ನಿ ಜನರಲ್ ಆಗಿದ್ದ ಜಾನ್ ಮಿಚೆಲ್ ಬಗ್ಗೆ ಮಾತಾಡ್ತಾ, ಇನ್ನೂ ವಿಚಾರಣೆ ಮುಗಿಯೋ ಮುಂಚೇನೇ, ಗಿಲ್ಟಿ, ಗಿಲ್ಟಿ, ಗಿಲ್ಟಿ ಅಂತ ಕುಣಿದಾಡಿಬಿಡ್ತಾನೆ. ವಾಟರ್‌ಗೇಟನ್ನ ಬಯಲಿಗೆ ಎಳೆದ ವಾಷಿಂಗ್ಟನ್ ಪೋಸ್ಟೇ ಆ ದಿನದ ಸ್ಟ್ರಿಪ್ ಹಾಕಲಿಲ್ಲ, ತಪ್ಪಿತಸ್ಥ ಅಂತ ಹೇಳೋದು ಕೋರ್ಟಿನ ಕೆಲಸ, ಕಾಮಿಕ್ ಬರೆಯೋರದ್ದಲ್ಲ ಅಂತ ಸಮರ್ಥನೆ ಬೇರೆ. ನಾನು ಮೊದಲು ಓದಿದಾಗ ಪೋಸ್ಟ್ ಮೇಲೆ ಸಿಟ್ಟು ಬಂದಿತ್ತು. ಈಗ ಇನ್ನೊಂದು ತರ ಕಾಣುತ್ತೆ, ಆ ಹುಡುಗ ಮೈಕ್ ಮುಂದೆ ಕೂತು ತೀರ್ಪು ಕೊಡ್ತಾ ಇದಾನಲ್ಲ, ಇವತ್ತು ಒಂಬತ್ತು ಗಂಟೆ ಚರ್ಚೆಯಲ್ಲಿ ಆ್ಯಂಕರ್‌ಗಳು ಮಾಡೋದು ಅದೇ ಅಲ್ವಾ, ಟ್ರೂಡೋ ಮಿಚೆಲ್‌ನ ಜೊತೆಗೆ ಮೈಕ್ ಹಿಡಿದವನನ್ನೂ ತೋರಿಸಿದ್ರು ಅಂತ ನನಗೆ ಅನಿಸುತ್ತೆ. 1975ರಲ್ಲಿ ಡೂನ್ಸ್‌ಬರಿಗೆ ಪುಲಿಟ್ಜರ್ ಅನ್ನೋ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಬಂತು, ದಿನಪತ್ರಿಕೆ ಸ್ಟ್ರಿಪ್ಪಿಗೆ ಅದು ಮೊದಲ ಸಲ.

ಅದರಲ್ಲಿ ನನ್ನ ಅಚ್ಚುಮೆಚ್ಚು ರೋಲಂಡ್ ಹೆಡ್ಲಿ ಅನ್ನೋ ರಿಪೋರ್ಟರ್. ಟೈಮ್ ಮ್ಯಾಗಜೀನಿಂದ ಶುರು ಮಾಡಿ ಎಬಿಸಿ ಟಿವಿಗೆ ಹೋಗ್ತಾನೆ, 1980ರ ಚುನಾವಣೆ ಹೊತ್ತಲ್ಲಿ ಮೈಕ್ ಹಿಡ್ಕೊಂಡು ಅಧ್ಯಕ್ಷ ಹುದ್ದೆಗೆ ನಿಂತಿದ್ದ ರೇಗನ್ ಮೆದುಳಿನ ಒಳಗೇ ಟೂರ್ ಮಾಡಿ ವರದಿ ಕೊಡ್ತಾನೆ, ಕೆಲವು ಪೇಪರುಗಳು ಅದನ್ನ ಹಾಕೋಕೆ ಒಪ್ಪಲಿಲ್ಲ, ಆಮೇಲೆ ಫಾಕ್ಸ್ ನ್ಯೂಸಿಗೆ ಹೋಗ್ತಾನೆ, 2009ರ ಹೊತ್ತಿಗೆ ಟ್ವಿಟರಲ್ಲಿ ಕೂತು ತನ್ನ ಬಗ್ಗೆನೇ ಟ್ವೀಟ್ ಮಾಡ್ತಾ ಇರ್ತಾನೆ. ಒಬ್ಬನೇ ಮನುಷ್ಯ, ಹಿಡಿಯೋ ಮೈಕ್ ಮಾತ್ರ ಬದಲಾಗ್ತಾ ಹೋಗುತ್ತೆ. ಪಕ್ಕದಲ್ಲೇ ರಿಕ್ ರೆಡ್‌ಫರ್ನ್ ಅಂತ ಇನ್ನೊಬ್ಬ, ವಾಷಿಂಗ್ಟನ್ ಪೋಸ್ಟಲ್ಲಿ ಮೈಮುರಿದು ಕೆಲಸ ಮಾಡೋ ಒಳ್ಳೇ ವರದಿಗಾರ, 2008ರಲ್ಲಿ ಅವನ ಕೆಲಸ ಹೋಗುತ್ತೆ, ಪೇಪರುಗಳಲ್ಲಿ ನಿಜವಾಗ್ಲೂ ಸಾಲು ಸಾಲಾಗಿ ಜನರನ್ನ ತೆಗೀತಿದ್ದ ಕಾಲ ಅದು. ಮೂವತ್ತೈದು ನಲವತ್ತು ವರ್ಷ ದಿನಾ ಬೆಳಗ್ಗೆ ಬರೋ ಪಾತ್ರಗಳ ಮೂಲಕ ಒಂದು ಇಡೀ ವೃತ್ತಿ ಹೇಗೆ ಸವೆದು ಹೋಯ್ತು ಅಂತ ತೋರಿಸೋದು ಯಾವ ಸಂಪಾದಕೀಯಕ್ಕೂ ಆಗಲ್ಲ. ಈಗ 2014ರಿಂದ ಹೊಸದು ಭಾನುವಾರ ಮಾತ್ರ ಬರುತ್ತೆ, ನನಗೆ ಅದೇ ಬೇಜಾರು.

ನಮ್ಮಲ್ಲಿ ಏನು ಅಂತ ಕೇಳಿದ್ರೆ ಪಾಕೆಟ್ ಕಾರ್ಟೂನಿನ ಪರಂಪರೆ ದೊಡ್ಡದು. ಮೈಸೂರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್, ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರು ಮಾಡಿದ ಕೊರವಂಜಿ ಅನ್ನೋ ಹಾಸ್ಯ ಪತ್ರಿಕೆಗೆ ಚಿತ್ರ ಬರೆದವರು, ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಮಾತೇ ಆಡದ ಕಾಮನ್ ಮ್ಯಾನ್ ಇಟ್ಕೊಂಡು ಎಷ್ಟು ದಶಕ ನಡೆಸಿದ್ರು. ಪ್ರಜಾವಾಣಿ ಚಿನಕುರಳಿ ನೋಡದೆ ಪೇಪರ್ ಮಡಚದವರು ನಮ್ಮ ಮನೇಲೇ ಇದಾರೆ. ಆದ್ರೆ ಅಲ್ಲಿ ಕಟಕಟೆಯಲ್ಲಿ ನಿಲ್ಲೋರು ಹೆಚ್ಚಾಗಿ ಮಂತ್ರಿಗಳು, ಎಂಎಲ್‌ಎಗಳು. ಮಂತ್ರಿಯ ಮಾತಿಂದ ನನ್ನ ಹೆಡ್ಡಿಂಗ್ ತನಕ ಆಗೋ ಪ್ರಯಾಣ ಅಲ್ಲಿ ತೋರಿಸೋಕೆ ಆಗಲ್ಲ, ಒಂದೇ ಚೌಕ ಅಲ್ವಾ.

ಅದಕ್ಕೇ ನಮ್ಮ ಆಫೀಸಲ್ಲಿ ಒಂದು ಸಲ ಮೀಟಿಂಗಲ್ಲಿ ಕೇಳಿದ್ದೆ, ವಾರಕ್ಕೆ ಒಂದು ದಿನ ನಾಲ್ಕು ಚೌಕ ಜಾಗ ಕೊಡಿ, ಒಂದು ಸುದ್ದಿ ಮನೆಯ ಕಥೆ, ಒಬ್ಬ ತಾಲ್ಲೂಕು ವರದಿಗಾರ, ಒಬ್ಬ ಡೆಸ್ಕಿನವ, ಒಬ್ಬ ಟಿವಿಯವ, ಆರ್ಟಿಸ್ಟ್ ಬರೆಯೋಕೆ ರೆಡಿ ಇದಾರೆ ಅಂತ. ಅಲ್ಲಿದ್ದ ಹಿರಿಯರೊಬ್ಬರು, ಉಂಡ ಮನೆ ಜಂತೆ ಎಣಿಸಬಾರದು ಕಣಪ್ಪ, ಜನ ನಮ್ಮನ್ನ ನಂಬಲ್ಲ ಆಮೇಲೆ ಅಂದ್ರು. ಕೆಟ್ಟವರಲ್ಲ ಅವರು, ನನಗೆ ಪೇಜ್ ಕಟ್ಟೋದು ಕಲಿಸಿದವರು. ಆದ್ರೂ ಅವತ್ತೂ ಒಪ್ಪಿರಲಿಲ್ಲ, ಇವತ್ತೂ ಒಪ್ಪಲ್ಲ. ಜಂತೆಗೆ ಗೆದ್ದಲು ಹತ್ತಿದ್ರೆ ಒಳಗೆ ಮಲಗೋರೇ ಮೊದಲು ಎಣಿಸಬೇಕು, ಅದು ಬೀಳೋದು ನಮ್ಮ ತಲೆ ಮೇಲೆ, ಓದೋರ ತಲೆ ಮೇಲೆ.

ವೆಬ್ಬಲ್ಲಿ ಆ ಹಿರಿಯರ ಅಪ್ಪಣೆ ಬೇಕಾಗಿಲ್ಲ ನಿಜ, ಆದ್ರೆ ಬೆನ್ನಿಗೆ ಯಾರೂ ಇರಲ್ಲ. ಸ್ಯಾನಿಟರಿ ಪ್ಯಾನೆಲ್ಸ್ ಅಂತ ಕಡ್ಡಿ ಗೊಂಬೆ ಕಾಮಿಕ್ ಬರೆಯೋ ರಚಿತಾ ತನೇಜಾ ಅವರು ಒಬ್ಬ ಟಿವಿ ಸಂಪಾದಕರಿಗೆ ಸಿಕ್ಕ ಜಾಮೀನಿನ ಬಗ್ಗೆ ಬರೆದಿದ್ದಕ್ಕೆ 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿಂದ ನ್ಯಾಯಾಂಗ ನಿಂದನೆ ನೋಟಿಸ್ ಬಂತು. ಪೇಪರಲ್ಲಿ ಇದ್ದಿದ್ರೆ ವಕೀಲರ ಖರ್ಚು ಹೊರೋಕೆ ಒಂದು ಸಂಸ್ಥೆ ಇರ್ತಿತ್ತು, ಅಥವಾ ಆ ಕಾಮಿಕ್ಕೇ ಹೊರಗೆ ಬರ್ತಿರಲಿಲ್ಲ, ಎರಡರಲ್ಲಿ ಒಂದು.

ಹೋದ ತಿಂಗಳು ದೊಡ್ಡಮ್ಮ ಮನೆಗೆ ಬಂದಿದ್ರು, ಸೀರೆ ಇಡೋಕೆ ಅಂತ ಬೀರು ತೆಗೆದಾಗ ಆ ಪ್ರಿಂಟ್ ಔಟ್ ಕಂಡಿದೆ, ಏನೋ ಪುಟ್ಟ ಇದು ಅಂದ್ರು. ಇಂಗ್ಲಿಷಲ್ಲಿದೆಯಲ್ಲ, ಪಕ್ಕ ಕೂತ್ಕೊಂಡು ಒಂದೊಂದು ಚೌಕ ಕನ್ನಡದಲ್ಲಿ ಹೇಳ್ದೆ. ಅಜ್ಜಿ ಚೌಕ ಬಂದಾಗ ನಗಲಿಲ್ಲ ಅವರು, ತಿರುಗಿ ಮೇಲಕ್ಕೆ ಬೆರಳು ತಗೊಂಡು ಹೋಗಿ, ಈ ಮೊದಲನೇ ಹುಡುಗ ಸರಿಯಾಗೇ ಹೇಳಿದ್ನಲ್ಲೋ, ಮಧ್ಯದಲ್ಲಿ ಕೆಡಿಸಿದೋರು ಯಾರು ಅಂದ್ರು.

ಆ ಕಾಫಿದು ನಾನೇ ದೊಡ್ಡಮ್ಮ, ಅಂದೆ. ಗ್ರೂಪಲ್ಲಿ ಹಾಕಿದ್ರಲ್ಲ ಕಟಿಂಗು, ಅದರ ಹೆಡ್ಡಿಂಗ್ ನಾನು ಕೊಟ್ಟಿದ್ದು.

ಸ್ವಲ್ಪ ಹೊತ್ತು ಸುಮ್ಮನಿದ್ರು. ಹಂಗಾದ್ರೆ ಈಗ ಎಷ್ಟು ಕುಡೀಲಿ ಅಂದ್ರು.

ಡಾಕ್ಟ್ರು ಹೇಳಿದ್ರಲ್ಲ, ಎರಡು ಲೋಟ, ಅಷ್ಟೇ ಅಂದೆ.