ಲಾನ್ಸರೋತೆ ಚಿತ್ರಪುಸ್ತಕ: ಹನ್ನೆರಡರಲ್ಲಿ ಏಳು ಹಾಳೆ

ಗೆಳತಿ ಲಾನ್ಸರೋತೆಯಲ್ಲಿ ನೆಲೆಸಿ ನಾಲ್ಕು ವರ್ಷವಾಯಿತು. ಈ ಸಲ ಅವಳ ಮನೆಗೆ ಹೊರಡುವಾಗ ಹನ್ನೆರಡು ಹಾಳೆಗಳ ಪುಸ್ತಕವೊಂದನ್ನು ನಾನೇ ಹೊಲಿದು ಚೀಲಕ್ಕೆ ಹಾಕಿಕೊಂಡೆ. ಸ್ಪೇನಿಗೆ ಸೇರಿದ ಈ ಜ್ವಾಲಾಮುಖಿ ದ್ವೀಪವನ್ನು ಜಲವರ್ಣದಲ್ಲಿ ಬರೆಯಬೇಕೆಂಬ ಆಸೆ. ಒಂಬತ್ತು ದಿನ ಕಳೆದಿವೆ, ಏಳು ಹಾಳೆ ತುಂಬಿವೆ.

ಹಾಳೆ 1 ಮತ್ತು 2: ಮೊಂತಾನ್ಯಾ ದೆಲ್ ಕುಯೆರ್ವೊ. ಈ ಬೆಟ್ಟದ ಒಂದು ಪಕ್ಕ ಒಡೆದುಹೋಗಿರುವುದರಿಂದ ಕುಳಿಯೊಳಗೆ ನಡೆದೇ ಹೋಗಬಹುದು. ಕಪ್ಪು ಬಣ್ಣವನ್ನು ಟ್ಯೂಬಿನಿಂದ ನೇರವಾಗಿ ಬಳಿದೆ. ಸಂಜೆ ನೋಡಿದರೆ ಎರಡೂ ಹಾಳೆಗಳು ಇದ್ದಿಲ ರಾಶಿಯಂತೆ ಸತ್ತು ಬಿದ್ದಿದ್ದವು. ಮರುದಿನ ಗೆಳತಿ ಮತ್ತೆ ಅಲ್ಲಿಗೇ ಕರೆದೊಯ್ದು, ಕುಂಚ ಮುಟ್ಟಬೇಡ ಎಂದು ಒಂದು ಗಂಟೆ ಸುಮ್ಮನೆ ಕೂರಿಸಿದಳು. ಆಗ ಕಂಡಿತು: ಹೊಸದಾಗಿ ಮುರಿದ ಕಲ್ಲಿನಲ್ಲಿ ನೀಲಿ, ಗಾಳಿಗೆ ಹಳತಾದ ಕಿಟ್ಟದಲ್ಲಿ ತುಕ್ಕಿನ ಕೆಂಪು, ಈಶಾನ್ಯದ ಗಾಳಿ ತೇವ ತರುವ ಮೈಯಲ್ಲಿ ಕಲ್ಲುಹೂವಿನ ಬೂದುಬಿಳುಪು. ಅಂದಿನಿಂದ ಕಪ್ಪು ಟ್ಯೂಬ್ ಚೀಲದಿಂದ ಹೊರಬಂದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಕಪ್ಪನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ.

ಹಾಳೆ 3: ತಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನ. ಜ್ವಾಲಾಮುಖಿಗಳ ನಡುವಿನ ದಾರಿಯಲ್ಲಿ ಬಸ್ಸಿನಿಂದ ಇಳಿಯುವಂತಿಲ್ಲ, ಹಾಗಾಗಿ ಕಿಟಕಿಯಲ್ಲಿ ಕಂಡದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಣ್ಣವನ್ನು ಮನೆಯಲ್ಲಿ ತುಂಬಿದೆ. 1730ರ ಸೆಪ್ಟೆಂಬರ್ 1ರ ರಾತ್ರಿ ಇಲ್ಲಿ ನೆಲ ಬಿರಿಯಿತೆಂದು ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಬರೆದಿಟ್ಟಿದ್ದಾರೆ. ಬೆಂಕಿ ಆರಿದ್ದು 1736ರಲ್ಲಿ. ಅಷ್ಟರಲ್ಲಿ ದ್ವೀಪದ ಸುಮಾರು ಕಾಲು ಭಾಗ ಲಾವಾದ ಅಡಿಯಲ್ಲಿತ್ತು, ಊರುಗಳೇ ಹೂತುಹೋಗಿದ್ದವು. ಇಂದಿಗೂ ಕಾವು ಉಳಿದಿದೆ: ಸಿಬ್ಬಂದಿ ತಗ್ಗಿಗೆ ಒಣ ಪೊದೆ ತಳ್ಳಿದರೆ ತಾನೇ ಹೊತ್ತಿಕೊಳ್ಳುತ್ತದೆ, ಕೊಳವೆಗೆ ನೀರು ಸುರಿದರೆ ಕ್ಷಣದಲ್ಲಿ ಉಗಿಯಾಗಿ ಮೇಲೆ ಚಿಮ್ಮುತ್ತದೆ. ಆ ಉಗಿಯ ಬಿಳುಪಿಗೆ ಕಾಗದವನ್ನು ಖಾಲಿ ಬಿಟ್ಟಿದ್ದೇನೆ. ನನಗೆ ತೃಪ್ತಿ ಕೊಟ್ಟ ಮೊದಲ ಹಾಳೆ ಇದೇ.

ಹಾಳೆ 4: ಎಲ್ ಗೋಲ್ಫೊದ ಹಸಿರು ಕೆರೆ. ಜನಜಂಗುಳಿಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಹಸಿರು ಸ್ವಲ್ಪ ಹೆಚ್ಚಾಯಿತು.

ಹಾಳೆ 5: ಹಮೇಯೋಸ್ ದೆಲ್ ಆಗ್ವಾ. ಲಾ ಕೊರೋನಾ ಜ್ವಾಲಾಮುಖಿಯಿಂದ ಕಡಲಿನವರೆಗೆ ಸುಮಾರು ಆರು ಕಿಲೋಮೀಟರ್ ಹರಿದ ಲಾವಾ, ಮೇಲೆ ಗಟ್ಟಿಯಾಗಿ ಒಳಗೆ ಬರಿದಾಗಿ ಉಳಿಸಿಹೋದ ಸುರಂಗವಿದು. ಸಮುದ್ರದ ಅಡಿಗೂ ಮುಂದುವರಿಯುತ್ತದೆ. ಇದನ್ನು ಜನ ಬಂದು ನೋಡುವ ತಾಣವಾಗಿ ರೂಪಿಸಿದವರು ಕಲಾವಿದ ಸೆಸಾರ್ ಮನ್ರಿಕೆ. ಒಳಗಿನ ಉಪ್ಪುನೀರಿನ ಕೊಳದಲ್ಲಿ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಬಿಳಿಯ, ಕುರುಡು ಏಡಿಗಳಿವೆ. ನೀರಿಗೆ ನಾಣ್ಯ ಎಸೆಯಬಾರದು, ಲೋಹ ಕರಗಿದರೆ ಅವು ಸಾಯುತ್ತವೆ. ಮಬ್ಬಿನಲ್ಲಿ ಬಣ್ಣ ಗುರುತು ಸಿಗದೆ ಇಡೀ ಹಾಳೆಯನ್ನು ಪೆನ್ಸಿಲಿನಲ್ಲೇ ಮುಗಿಸಿದೆ. ಏಡಿಗಳು ಇಲ್ಲಿ ಬರೀ ಚುಕ್ಕೆಗಳು, ಆದರೆ ಒಂದೊಂದನ್ನೂ ಎಣಿಸಿಯೇ ಇಟ್ಟಿದ್ದೇನೆ.

ಹಾಳೆ 6 ಮತ್ತು 7: ಲಾ ಹೇರಿಯಾ. ಮೂರು ದಿನ ಇಲ್ಲಿಗೇ ಬಂದೆ. ನೆಲವನ್ನು ಮುಚ್ಚಿದ ಕರಿ ಹರಳುಬೂದಿಗೆ ಇಲ್ಲಿನವರು ಪಿಕೋನ್ ಎನ್ನುತ್ತಾರೆ. ರೈತರು ಅದನ್ನು ತೋಡಿ, ಕೆಳಗಿನ ಹಳೆಯ ಮಣ್ಣು ಸಿಗುವವರೆಗೆ ಇಳಿದು, ಗುಂಡಿಗೊಂದರಂತೆ ದ್ರಾಕ್ಷಿ ಬಳ್ಳಿ ನೆಟ್ಟಿದ್ದಾರೆ. ಗಾಳಿ ಬರುವ ದಿಕ್ಕಿಗೆ ಅರ್ಧಚಂದ್ರದ ಕಲ್ಲುಗೋಡೆ. ಮಳೆ ತೀರ ಕಡಿಮೆಯಾದ ಈ ನೆಲದಲ್ಲಿ ರಾತ್ರಿಯ ತೇವವನ್ನು ಬೂದಿ ಹೀರಿಕೊಂಡು ಹಗಲಿನ ಬಿಸಿಲಿಗೆ ಆರದಂತೆ ಕಾಯುತ್ತದೆ. ಬೆಳಿಗ್ಗೆ ಗುಂಡಿಯಂಚಿನ ಬೂದಿಯನ್ನು ಬೆರಳಿನಿಂದ ಕೆದಕಿದೆ: ಒಂದಂಗುಲ ಕೆಳಗೆ ತಣ್ಣಗೆ, ಹಸಿಯಾಗಿ ಇತ್ತು. ಊರನ್ನೇ ಹೂತ ಬೂದಿ ಬಳ್ಳಿಗೆ ನೀರು ಉಣಿಸುತ್ತಿದೆ! ಈ ಹಸಿ ಕಪ್ಪು ನನ್ನ ಪುಸ್ತಕದಲ್ಲಿ ಕಾಣಲೇಬೇಕು.

ಆರನೆಯ ಹಾಳೆಯ ಬಣ್ಣ ಆರುವ ಮೊದಲೇ ಗಾಳಿ ಬೂದಿ ತಂದು ಚೆಲ್ಲಿತು. ಒರೆಸಲು ಹೊರಟ ಕೈಯನ್ನು ಗೆಳತಿ ತಡೆದಳು. ಹರಳುಗಳು ಬಣ್ಣದೊಂದಿಗೆ ಅಂಟಿಕೊಂಡು ಹಾಳೆ ಒರಟಾಗಿದೆ, ಮುಟ್ಟಿದರೆ ಆ ಇಳಿಜಾರಿನದೇ ಅನುಭವ. ಏಳನೆಯದರಲ್ಲಿ ಬಳ್ಳಿಯ ಹಸಿರು ಸರಿಯಾಗಿದೆ, ಗೋಡೆಯ ನೆರಳು ಮಾತ್ರ ಇನ್ನೂ ಒಣಗಿಯೇ ಕಾಣುತ್ತಿದೆ. ನೀಲಿಯನ್ನು ಹೆಚ್ಚಿಸಿ, ಕಾಗದವನ್ನು ಮೊದಲೇ ನೆನೆಸಿ ನೋಡಬೇಕು.

ನಾಳೆ ಬಿಸಿಲು ಏರುವ ಮುನ್ನ ಮತ್ತೆ ಲಾ ಹೇರಿಯಾ. ಗೆಳತಿ ಗಾಡಿ ಓಡಿಸುತ್ತಾಳೆ. ಎಂಟನೆಯ ಹಾಳೆಯನ್ನು ಈಗಲೇ ಹಲಗೆಗೆ ಬಿಗಿದಿಟ್ಟಿದ್ದೇನೆ.